ರಾಟೆಗೆ ಕಟ್ಟಿದ ತೂಕ: ಡಾ. ಗರ್ಡನ್ ಬಕ್ ಅವರ ಜೀವನ

ಹೋಬೋಕನ್ನಿನಲ್ಲಿ ವಾಸಿಸುವ ನಮಗೆಲ್ಲ ಹಡ್ಸನ್ ನದಿಯ ಆಚೆ ದಡ ದಿನವೂ ಕಾಣುವ ನೋಟ. ಆ ಗಗನಚುಂಬಿ ಕಟ್ಟಡಗಳು ಏಳುವುದಕ್ಕೆ ಬಹಳ ಮೊದಲು, ಮ್ಯಾನ್‌ಹಟನ್ನಿನ ದಕ್ಷಿಣ ಭಾಗದ ಬ್ರಾಡ್‌ವೇ ರಸ್ತೆಯಲ್ಲಿ ಒಂದು ದೊಡ್ಡ ಆಸ್ಪತ್ರೆ ಇತ್ತು. ಅದರ ಹೆಸರು ನ್ಯೂಯಾರ್ಕ್ ಹಾಸ್ಪಿಟಲ್. ಆ ಸಂಸ್ಥೆಯಲ್ಲಿ 40 ವರ್ಷ ಶಸ್ತ್ರವೈದ್ಯರಾಗಿ ದುಡಿದವರು ಡಾ. ಗರ್ಡನ್ ಬಕ್. ಅವರ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಆದರೆ ಮೈಸೂರಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ ಮೂಳೆ ಚಿಕಿತ್ಸೆಯ ವಾರ್ಡಿನ ದಾದಿಯೊಬ್ಬರನ್ನು ವಿಚಾರಿಸಿ ನೋಡಿ. ಬಕ್ಸ್ ಟ್ರ್ಯಾಕ್ಷನ್ ಎಂದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ. ಕಾಲಿಗೆ ಪಟ್ಟಿ ಅಂಟಿಸಿ, ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ತೂಕ ಇಳಿಬಿಡುವ ವಿಧಾನ ಅದು. ಆ ಬಕ್ ಎಂಬ ಹೆಸರು ನಮ್ಮ ನೆರೆಯೂರಿನ ಈ ವೈದ್ಯರದು.

ತೊಡೆಮೂಳೆ ಮುರಿದ ಮಕ್ಕಳಿಗೆ, ಹದಿಹರೆಯದವರಿಗೆ ಇಂದು ಶಸ್ತ್ರಚಿಕಿತ್ಸೆ ಮಾಡಿ ಕೆಲವೇ ದಿನಗಳಲ್ಲಿ ಊರುಗೋಲಿನ ಸಹಾಯದಿಂದ ನಡೆಸುತ್ತಾರೆ. ಆ ಹಂತಕ್ಕೆ ಬರಲು ವೈದ್ಯವಿಜ್ಞಾನ ಬಹಳ ದೂರ ನಡೆಯಬೇಕಾಯಿತು. ಆ ದಾರಿಯಲ್ಲಿ ಒಂದು ಮುಖ್ಯ ಮೈಲಿಗಲ್ಲನ್ನು ನೆಟ್ಟವರು ಡಾ. ಬಕ್. ಅವರ ಬದುಕನ್ನು ನಮ್ಮ ಮಕ್ಕಳಿಗೂ ಪಾಲಕರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗರ್ಡನ್ ಬಕ್ 1807ರ ಮೇ 4ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಅದೇ ವರ್ಷ ರಾಬರ್ಟ್ ಫುಲ್ಟನ್ ಅವರ ಉಗಿದೋಣಿ ಹಡ್ಸನ್ ನದಿಯಲ್ಲಿ ಆಲ್ಬನಿಯವರೆಗೆ ಸಾಗಿ ಜನರನ್ನು ಬೆರಗುಗೊಳಿಸಿತು. ಬಕ್ ನಾಲ್ಕು ವರ್ಷದ ಮಗುವಾಗಿದ್ದಾಗ, 1811ರಲ್ಲಿ, ಹೋಬೋಕನ್ನಿನ ಕರ್ನಲ್ ಜಾನ್ ಸ್ಟೀವನ್ಸ್ ಈ ದಡದಿಂದ ಆ ದಡಕ್ಕೆ ಉಗಿದೋಣಿಯ ಸಂಚಾರ ಆರಂಭಿಸಿದರು. ಆಗಿನ ಹೋಬೋಕನ್ ಹಸಿರು ತುಂಬಿದ ಜಾಗ. ನಗರದ ಧೂಳು ಗದ್ದಲಗಳಿಂದ ಬೇಸತ್ತ ನ್ಯೂಯಾರ್ಕಿನವರು ರಜಾದಿನಗಳಲ್ಲಿ ದೋಣಿ ಹತ್ತಿ ಇಲ್ಲಿನ ಎಲೀಷಿಯನ್ ಫೀಲ್ಡ್ಸ್ ಉದ್ಯಾನಕ್ಕೆ ಬರುತ್ತಿದ್ದರು. 1846ರಲ್ಲಿ ಬೇಸ್‌ಬಾಲ್ ಚರಿತ್ರೆಯ ಪ್ರಸಿದ್ಧ ಪಂದ್ಯ ನಡೆದದ್ದು ಅದೇ ಮೈದಾನದಲ್ಲಿ.

ಬಕ್ ಅವರ ತಂದೆ ವ್ಯಾಪಾರಿಯಾಗಿದ್ದರು. ಮಗನೂ ಮೊದಲು ವ್ಯಾಪಾರದ ಕಡೆಗೇ ಹೆಜ್ಜೆ ಇಟ್ಟರು. ಆದರೆ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ವೈದ್ಯರೊಬ್ಬರ ಬಳಿ ಶಿಷ್ಯವೃತ್ತಿ ಮಾಡಿ, ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್ ಸೇರಿ, 1830ರಲ್ಲಿ ವೈದ್ಯಪದವಿ ಪಡೆದರು. ಅದೇ ಕಾಲೇಜು ಇಂದು ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಶಾಲೆಯಾಗಿದೆ.

ಆ ಕಾಲದ ಅಮೆರಿಕದಲ್ಲಿ ವೈದ್ಯಶಿಕ್ಷಣ ಇನ್ನೂ ಎಳೆಯ ಸಸಿಯಾಗಿತ್ತು. ಹೆಚ್ಚಿನದನ್ನು ಕಲಿಯಬೇಕೆಂದರೆ ಹಡಗು ಹತ್ತಿ ಯೂರೋಪಿಗೆ ಹೋಗಬೇಕಿತ್ತು. ನಮ್ಮವರು ಉನ್ನತ ವಿದ್ಯೆಗೆಂದು ಅಮೆರಿಕಕ್ಕೆ ಬಂದ ಹಾಗೆ ಆಗ ಅಮೆರಿಕದವರು ಪ್ಯಾರಿಸ್ಸಿಗೆ ಹೋಗುತ್ತಿದ್ದರು. ಬಕ್ ಕೂಡ ಪ್ಯಾರಿಸ್, ಬರ್ಲಿನ್ ಮತ್ತು ವಿಯೆನ್ನಾ ಆಸ್ಪತ್ರೆಗಳಲ್ಲಿ ಓಡಾಡಿ ಕಲಿತರು. 1836ರಲ್ಲಿ ಜಿನೀವಾ ನಗರದ ಹೆನ್ರಿಯೆಟ್ ಎಲಿಜಬೆತ್ ವೋಲ್ಫ್ ಅವರನ್ನು ವಿವಾಹವಾದರು. ನ್ಯೂಯಾರ್ಕಿನಲ್ಲಿ ನೆಲೆಸಿ, 1837ರಲ್ಲಿ ನ್ಯೂಯಾರ್ಕ್ ಹಾಸ್ಪಿಟಲ್ಲಿನ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಮುಂದೆ ಸೇಂಟ್ ಲ್ಯೂಕ್ಸ್, ಪ್ರೆಸ್‌ಬಿಟೇರಿಯನ್ ಮೊದಲಾದ ಆಸ್ಪತ್ರೆಗಳಲ್ಲೂ ಸೇವೆ ಸಲ್ಲಿಸಿದರು. 1847ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್ ಸಂಸ್ಥೆಯ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು.

ಬೆಳೆಯುತ್ತಿದ್ದ ನಗರ, ಮುರಿಯುತ್ತಿದ್ದ ಕಾಲುಗಳು

1810ರಲ್ಲಿ ನ್ಯೂಯಾರ್ಕ್ ನಗರದ ಜನಸಂಖ್ಯೆ ಸುಮಾರು 96 ಸಾವಿರ. 1870ರ ಹೊತ್ತಿಗೆ ಅದು 9 ಲಕ್ಷ 40 ಸಾವಿರ ದಾಟಿತು. ಬಂದರು, ಹಡಗು ಕಟ್ಟೆ, ಹೊಸ ಕಟ್ಟಡಗಳು, ಕುದುರೆ ಗಾಡಿಗಳು, ಆಮೇಲೆ ರೈಲು, ಎಲ್ಲೆಲ್ಲೂ ಕೆಲಸ, ಎಲ್ಲೆಲ್ಲೂ ಅಪಘಾತ. ಏಣಿಯಿಂದ ಬಿದ್ದವರು, ಗಾಡಿಯ ಚಕ್ರಕ್ಕೆ ಸಿಕ್ಕಿದವರು ಆಸ್ಪತ್ರೆಗೆ ಬರುತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಹತ್ತು ಹನ್ನೆರಡು ವರ್ಷದ ಎಷ್ಟೋ ಹುಡುಗರು ಆಗ ಕೆಲಸಕ್ಕೆ ಹೋಗುತ್ತಿದ್ದರು.

ಇಲ್ಲಿ ತೊಡೆಮೂಳೆಯ ಬಗ್ಗೆ ಸ್ವಲ್ಪ ತಿಳಿಯೋಣ. ನಮ್ಮ ದೇಹದಲ್ಲಿ ಅತ್ಯಂತ ಉದ್ದವಾದ, ಅತ್ಯಂತ ಗಟ್ಟಿಯಾದ ಮೂಳೆ ಇದು. ಇದರ ಸುತ್ತಲೂ ದೇಹದ ಬಲಶಾಲಿ ಸ್ನಾಯುಗಳಿವೆ. ಓಡಲು, ಜಿಗಿಯಲು, ಮೆಟ್ಟಿಲು ಹತ್ತಲು ಅವೇ ಬೇಕು. ಮೂಳೆ ಗಟ್ಟಿಯಾಗಿರುವವರೆಗೆ ಅವು ನಮ್ಮ ಗೆಳೆಯರು. ಮೂಳೆ ಮುರಿದ ಕೂಡಲೇ ಅವೇ ತೊಂದರೆ ಕೊಡುತ್ತವೆ. ನೋವಿನಿಂದ ಸ್ನಾಯುಗಳು ಬಿಗಿದುಕೊಂಡು ಮುರಿದ ಎರಡು ತುಂಡುಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಎಳೆಯುತ್ತವೆ. ಎರಡು ಪೆನ್ಸಿಲ್‌ಗಳನ್ನು ತುದಿಗೆ ತುದಿ ಇಟ್ಟರೆ ಎಷ್ಟುದ್ದ? ಪಕ್ಕಪಕ್ಕ ಜಾರಿಸಿ ಇಟ್ಟರೆ ಎಷ್ಟುದ್ದ? ಹಾಗೆಯೇ ಮುರಿದ ಕಾಲು ಗಿಡ್ಡವಾಗುತ್ತದೆ. ಆ ಸ್ಥಿತಿಯಲ್ಲಿಯೇ ಮೂಳೆ ಕೂಡಿಕೊಂಡರೆ ಜೀವನಪೂರ್ತಿ ಕುಂಟುವುದು ತಪ್ಪುವುದಿಲ್ಲ. ದೈಹಿಕ ದುಡಿಮೆಯೇ ಬದುಕಿಗೆ ಆಧಾರವಾಗಿದ್ದ ಕಾಲದಲ್ಲಿ ಕುಂಟುವ ಹುಡುಗನಿಗೆ ಎಂತಹ ಭವಿಷ್ಯ ಕಾದಿತ್ತೆಂದು ಊಹಿಸಬಹುದು.

ಆ ಕಾಲದ ವೈದ್ಯರು ಇದನ್ನು ತಡೆಯಲು ಉದ್ದನೆಯ ಮರದ ಹಲಗೆಗಳನ್ನು ಬಳಸುತ್ತಿದ್ದರು. ಪ್ಯಾರಿಸ್ಸಿನ ದೆಸೋ ಎಂಬ ಶಸ್ತ್ರವೈದ್ಯರು ರೂಪಿಸಿದ ಹಲಗೆಯನ್ನು ಫಿಲಡೆಲ್ಫಿಯಾದ ಫಿಲಿಪ್ ಸಿಂಗ್ ಫಿಸಿಕ್ ಇನ್ನಷ್ಟು ಉದ್ದ ಮಾಡಿದ್ದರು. ಕಂಕುಳಿನಿಂದ ಪಾದದ ಕೆಳಗಿನವರೆಗೆ ಹಲಗೆ. ಪಾದದ ಗಂಟಿಗೆ ಒಂದು ಪಟ್ಟಿ, ತೊಡೆಸಂದಿಗೆ ಇನ್ನೊಂದು ಪಟ್ಟಿ ಕಟ್ಟಿ ಎರಡೂ ಕಡೆಗೆ ಬಿಗಿಯುತ್ತಿದ್ದರು. ತತ್ವ ಸರಿಯಾಗಿಯೇ ಇತ್ತು, ಅನುಭವ ಮಾತ್ರ ಘೋರ. ಕಿರಿದಾದ ಪಟ್ಟಿ ಒತ್ತಿದ ಕಡೆಯಲ್ಲೆಲ್ಲ ಚರ್ಮ ಹುಣ್ಣಾಗುತ್ತಿತ್ತು. ನೋವು ತಡೆಯಲಾರದೆ ಪಟ್ಟಿ ಸಡಿಲಿಸಿದರೆ ಕಾಲು ಮತ್ತೆ ಗಿಡ್ಡವಾಗುತ್ತಿತ್ತು. ಫ್ರಾಂಕ್ ಹೇಸ್ಟಿಂಗ್ಸ್ ಹ್ಯಾಮಿಲ್ಟನ್ ಎಂಬ ನ್ಯೂಯಾರ್ಕ್ ರಾಜ್ಯದ ವೈದ್ಯರು 1850ರ ದಶಕದಲ್ಲಿ ನೂರಾರು ಮೂಳೆಮುರಿತಗಳ ಫಲಿತಾಂಶವನ್ನು ಅಳತೆ ಮಾಡಿ ಪ್ರಕಟಿಸಿದರು. ಒಳ್ಳೆಯ ವೈದ್ಯರ ಕೈಯಲ್ಲೂ ತೊಡೆಮೂಳೆ ಗಿಡ್ಡವಾಗಿ ಕೂಡುವುದೇ ಸಾಮಾನ್ಯವೆಂದು ಆಗ ಎಲ್ಲರಿಗೂ ತಿಳಿಯಿತು. ಕಾಲು ಸೊಟ್ಟಗಾದ ರೋಗಿಗಳು ವೈದ್ಯರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡುವುದೂ ಅಮೆರಿಕದಲ್ಲಿ ಆಗಲೇ ಹೆಚ್ಚಾಗಿತ್ತು.

ಕತ್ತಿ ಹಿಡಿಯದ ಶಸ್ತ್ರವೈದ್ಯ

ಬಕ್ ಶಸ್ತ್ರವೈದ್ಯರಲ್ಲವೇ, ತೊಡೆಯನ್ನು ತೆರೆದು ಮೂಳೆಯನ್ನು ಜೋಡಿಸಬಹುದಿತ್ತಲ್ಲವೇ ಎಂದು ಮಕ್ಕಳು ಕೇಳಬಹುದು. ಆಗ ಅದು ಸಾಧ್ಯವಿರಲಿಲ್ಲ. ಮತ್ತು ಬರಿಸಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಬಾಸ್ಟನ್ ನಗರದಲ್ಲಿ ಈಥರ್ ಮೂಲಕ ಸಾರ್ವಜನಿಕವಾಗಿ ತೋರಿಸಿದ್ದು 1846ರ ಅಕ್ಟೋಬರಿನಲ್ಲಿ. ಅಂದರೆ ಬಕ್ ಅವರ ವೃತ್ತಿಜೀವನದ ಮೊದಲ ಒಂಬತ್ತು ವರ್ಷ ರೋಗಿಗಳು ಎಚ್ಚರವಿರುವಾಗಲೇ ಕತ್ತಿ ಆಡಿಸಬೇಕಾಗಿತ್ತು. ಈಥರ್ ನೋವನ್ನು ಗೆದ್ದಿತು, ಕೀವನ್ನು ಗೆಲ್ಲಲಿಲ್ಲ. ಗಾಯದಲ್ಲಿ ಸೂಕ್ಷ್ಮಜೀವಿಗಳು ಸೇರದಂತೆ ಕಾರ್ಬಾಲಿಕ್ ಆಮ್ಲ ಬಳಸುವುದನ್ನು ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಮೂಳೆ ಎಲ್ಲಿ, ಹೇಗೆ ಮುರಿದಿದೆ ಎಂದು ತೋರಿಸುವ ಎಕ್ಸ್‌ರೇ ಬಂದದ್ದು 1895ರಲ್ಲಿ, ಅಂದರೆ ಬಕ್ ತೀರಿಕೊಂಡ 18 ವರ್ಷಗಳ ಮೇಲೆ. ಚರ್ಮ ಹರಿಯದ ಮೂಳೆಮುರಿತದಲ್ಲಿ ರೋಗಿ ಬದುಕುವ ಸಂಭವ ಚೆನ್ನಾಗಿತ್ತು. ಅದನ್ನು ವೈದ್ಯರೇ ತೆರೆದರೆ ಸೋಂಕಿನಿಂದ ಕಾಲು ಹೋಗಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಜಾಣ ಶಸ್ತ್ರವೈದ್ಯ ತೊಡೆಯ ವಿಷಯದಲ್ಲಿ ಕತ್ತಿಯನ್ನು ಪೆಟ್ಟಿಗೆಯಲ್ಲೇ ಇಡುತ್ತಿದ್ದ.

ಬಕ್ ಅವರು 1861ರಲ್ಲಿ ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್ ಮುಂದೆ ತೊಡೆಮೂಳೆ ಮುರಿತಕ್ಕೆ ಸುಧಾರಿಸಿದ ಚಿಕಿತ್ಸೆಯ ಕುರಿತು ಪ್ರಬಂಧ ಮಂಡಿಸಿದರು. ತಮ್ಮ ರೋಗಿಗಳ ವಿವರಗಳನ್ನೂ ಸಾಧನದ ಒಂದು ಚಿತ್ರವನ್ನೂ ಅದರಲ್ಲಿ ಕೊಟ್ಟರು. ಸಾಧನ ಬಹಳ ಸರಳ. ಕಾಲಿನ ಎರಡೂ ಬದಿಗೆ ಉದ್ದವಾಗಿ ಅಂಟುಪಟ್ಟಿ. ಪಾದದ ಕೆಳಗೆ ಪಟ್ಟಿಗಳು ಪಾದಕ್ಕೆ ಉಜ್ಜದಂತೆ ಒಂದು ಮರದ ತುಂಡು. ಅಲ್ಲಿಂದ ಹೊರಟ ಹಗ್ಗ ಮಂಚದ ತುದಿಯ ರಾಟೆಯ ಮೇಲೆ ಹಾದು ಕೆಳಗಿನ ತೂಕಕ್ಕೆ. ದೇಹ ಕೆಳಕ್ಕೆ ಜಾರದಂತೆ ತೊಡೆಸಂದಿಗೆ ಮೆತ್ತನೆಯ ರಬ್ಬರ್ ಕೊಳವೆಯ ಪಟ್ಟಿ. ಮುರಿದ ಜಾಗದ ಸುತ್ತ ಚಿಕ್ಕ ಹಲಗೆಗಳು. ಮುಂದಿನ ದಿನಗಳಲ್ಲಿ ವೈದ್ಯರು ತೊಡೆಸಂದಿಯ ಪಟ್ಟಿಯನ್ನು ಬಿಟ್ಟು, ಮಂಚದ ಕಾಲ್ದೆಸೆಯನ್ನು ಎತ್ತರಿಸಿ, ರೋಗಿಯ ಮೈಭಾರವನ್ನೇ ಎದುರು ಸೆಳೆತವಾಗಿ ಬಳಸತೊಡಗಿದರು.

ಇದರಲ್ಲಿನ ಒಂದೊಂದು ಭಾಗವೂ ಬಕ್ ಅವರ ಸ್ವಂತ ಆವಿಷ್ಕಾರವಲ್ಲ. ರಾಟೆಯ ಮೇಲೆ ತೂಕ ಇಳಿಬಿಡುವ ಉಪಾಯವನ್ನು 14ನೇ ಶತಮಾನದಲ್ಲೇ ಫ್ರಾನ್ಸಿನ ಗೀ ದ ಶೋಲಿಯಾಕ್ ಬರೆದಿಟ್ಟಿದ್ದರು. ಅಂಟುಪಟ್ಟಿಯಿಂದ ಕಾಲನ್ನು ಎಳೆಯುವುದನ್ನು ನ್ಯೂ ಹ್ಯಾಂಪ್‌ಶೈರಿನ ಜೊಸಾಯಾ ಕ್ರಾಸ್ಬಿ ಎಂಬ ವೈದ್ಯರು ಬಳಸಿದ್ದರು. ಬಕ್ ಮಾಡಿದ್ದು ಇವನ್ನು ಸರಿಯಾಗಿ ಜೋಡಿಸುವ, ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸುವ, ಇತರರು ನೋಡಿ ಮಾಡುವಂತೆ ಸ್ಪಷ್ಟವಾಗಿ ಬರೆಯುವ ಕೆಲಸ. ಆ ಕೆಲಸವೇನೂ ಚಿಕ್ಕದಲ್ಲ. ಹಳ್ಳಿಯ ವೈದ್ಯನೂ ಬಡಗಿಯ ಸಹಾಯದಿಂದ ಒಂದೇ ದಿನದಲ್ಲಿ ಮಾಡಿಕೊಳ್ಳಬಹುದಾದ ಸಾಧನ ಅದಾಗಿತ್ತು.

ಇದು ಏಕೆ ಕೆಲಸ ಮಾಡಿತು? ಎರಡು ಕಾರಣಗಳಿವೆ. ಮೊದಲನೆಯದು, ಅಂಟುಪಟ್ಟಿ ಸೆಳೆತವನ್ನು ಕಾಲಿನ ಉದ್ದಕ್ಕೂ ಹಂಚುತ್ತದೆ. ಪಾದದ ಗಂಟಿನ ಒಂದೇ ಜಾಗದ ಮೇಲೆ ಭಾರ ಬೀಳುವುದಿಲ್ಲ, ಹುಣ್ಣಾಗುವುದು ಕಡಿಮೆ. ಎರಡನೆಯದು ಇನ್ನೂ ಸ್ವಾರಸ್ಯಕರ. ಬಿಗಿದು ಕಟ್ಟಿದ ಪಟ್ಟಿಯ ಸೆಳೆತ ಕಟ್ಟಿದ ಗಳಿಗೆಯಲ್ಲಿ ಮಾತ್ರ ಪೂರ್ತಿ ಇರುತ್ತದೆ. ಸ್ನಾಯು ಸ್ವಲ್ಪ ಸಡಿಲವಾದರೆ ಪಟ್ಟಿಯೂ ಸಡಿಲ. ಆದರೆ ರಾಟೆಗೆ ಕಟ್ಟಿದ ತೂಕಕ್ಕೆ ದಣಿವಿಲ್ಲ, ನಿದ್ದೆಯಿಲ್ಲ. ಸ್ನಾಯು ಎಷ್ಟು ಸಡಿಲವಾಗುತ್ತದೋ ತೂಕ ಅಷ್ಟೇ ಕೆಳಗಿಳಿದು ಅದೇ ಸೆಳೆತವನ್ನು ಹಗಲೂ ರಾತ್ರಿಯೂ ಉಳಿಸಿಕೊಳ್ಳುತ್ತದೆ. ಕೊನೆಗೆ ಸೋಲುವುದು ಸ್ನಾಯುವೇ. ನಮ್ಮ ಊರಿನ ಬಾವಿಯಲ್ಲಿ ನೀರು ಸೇದುವಾಗ ಕೊಡ ಹೇಗೆ ಹಗ್ಗವನ್ನು ಸದಾ ಬಿಗಿಯಾಗಿ ಇಡುತ್ತದೆಯೋ ಹಾಗೆ. ಶಾಲೆಯಲ್ಲಿ ರಾಟೆಯ ಪಾಠ ಓದುವಾಗ ಮಕ್ಕಳು ಇದನ್ನು ನೆನಪಿಸಿಕೊಳ್ಳಬಹುದು.

ಯುದ್ಧದ ದಿನಗಳು

ಪ್ರಬಂಧ ಮಂಡಿಸಿದ ಅದೇ 1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ನಾಲ್ಕು ವರ್ಷ ನಡೆದ ಆ ಯುದ್ಧದಲ್ಲಿ ತೊಡೆಗೆ ಗುಂಡು ತಗಲಿದ ಸೈನಿಕರ ಪಾಡು ಹೇಳತೀರದು. ಕಾಲು ಕತ್ತರಿಸದಿದ್ದರೆ ಸೋಂಕು. ಕತ್ತರಿಸಿದರೆ, ತೊಡೆಯಲ್ಲಿ ಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಕಾಲನ್ನು ಉಳಿಸಲು ಯತ್ನಿಸಿದ ಸೇನಾ ಆಸ್ಪತ್ರೆಗಳಲ್ಲಿ ಬಕ್ ಅವರ ತೂಕ ಮತ್ತು ರಾಟೆಯೂ ಬಳಕೆಗೆ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಈ ವಿಧಾನ ದೇಶದಾದ್ಯಂತ ಪರಿಚಿತವಾಗಿತ್ತು. ಕುಂಟು ಕಾಲುಗಳ ಲೆಕ್ಕವಿಟ್ಟಿದ್ದ ಹ್ಯಾಮಿಲ್ಟನ್ ಕೂಡ ಇದನ್ನು ಒಪ್ಪಿ ಪ್ರಚಾರ ಮಾಡಿದರು.

ಯುದ್ಧ ಬಕ್ ಅವರ ಮುಂದೆ ಇನ್ನೊಂದು ಕೆಲಸವನ್ನೂ ತಂದಿಟ್ಟಿತು. ಮೇರಿಲ್ಯಾಂಡಿನ ಕಾರ್ಲ್‌ಟನ್ ಬರ್ಗನ್ ಎಂಬ ಯುವ ಸೈನಿಕನಿಗೆ 1862ರಲ್ಲಿ ಕಾಯಿಲೆಗೆಂದು ಪಾದರಸದ ಔಷಧ ಕೊಟ್ಟಿದ್ದರು. ಅದರಿಂದ ಬಾಯಿ ಕೊಳೆತು, ಮೇಲ್ದವಡೆ, ಕೆನ್ನೆಯ ಭಾಗ ಮತ್ತು ಒಂದು ಕಣ್ಣು ಹೋದವು. ಮುಖ ತೋರಿಸಲಾರದ ಸ್ಥಿತಿಯಲ್ಲಿ ನ್ಯೂಯಾರ್ಕಿಗೆ ಬಂದ ಆತನಿಗೆ ಬಕ್ ಒಂದಾದ ಮೇಲೊಂದರಂತೆ ಶಸ್ತ್ರಚಿಕಿತ್ಸೆ ಮಾಡಿ, ಪಕ್ಕದ ಚರ್ಮವನ್ನು ಸರಿಸಿ ಹೊಲಿದು, ಮುಖವನ್ನು ಮತ್ತೆ ಮುಖವಾಗಿಸಿದರು. ಚಿಕಿತ್ಸೆಗೆ ಮೊದಲು ಮತ್ತು ನಂತರ ರೋಗಿಯ ಚಿತ್ರ ತೆಗೆಸಿ ಪ್ರಕಟಿಸಿದ ಮೊದಲಿಗರಲ್ಲಿ ಬಕ್ ಒಬ್ಬರು. ಬರ್ಗನ್ ಅವರ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಇಂದು ಇದು ಪ್ಲಾಸ್ಟಿಕ್ ಸರ್ಜರಿ ಎಂಬ ದೊಡ್ಡ ಶಾಸ್ತ್ರವಾಗಿದೆ. 1876ರಲ್ಲಿ ಬಕ್ ಅವರು ಇಂತಹ ಚಿಕಿತ್ಸೆಗಳ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು.

ಇಷ್ಟೇ ಅಲ್ಲ. ಗಂಟಲಿನೊಳಗೆ ಊತ ಬಂದು ಉಸಿರುಕಟ್ಟುವ ರೋಗಿಗಳಿಗೆ ಊದಿದ ಭಾಗವನ್ನು ಸೂಕ್ಷ್ಮವಾಗಿ ಗೀರಿ ಉಸಿರಾಟ ಸುಗಮಗೊಳಿಸುವ ವಿಧಾನವನ್ನು 1848ರಲ್ಲಿ ವಿವರಿಸಿದರು. ಮಾನವ ದೇಹದ ಒಂದು ತೆಳುಪದರಕ್ಕೂ ವೈದ್ಯಗ್ರಂಥಗಳಲ್ಲಿ ಅವರ ಹೆಸರೇ ಇದೆ.

1877ರ ಮಾರ್ಚ್ 6ರಂದು, ತಮ್ಮ 69ನೇ ವಯಸ್ಸಿನಲ್ಲಿ, ಡಾ. ಬಕ್ ನ್ಯೂಯಾರ್ಕಿನಲ್ಲಿ ನಿಧನರಾದರು. ಕೊನೆಯವರೆಗೂ ಅವರು ನ್ಯೂಯಾರ್ಕ್ ಹಾಸ್ಪಿಟಲ್ಲಿನ ವೈದ್ಯರಾಗಿಯೇ ಇದ್ದರು. ಅವರ ಮಗ ಆಲ್ಬರ್ಟ್ ಬಕ್ ಕೂಡ ವೈದ್ಯರಾಗಿ, ಕಿವಿಯ ರೋಗಗಳ ತಜ್ಞರಾಗಿ, ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದು ಹೆಸರು ಮಾಡಿದರು.

ಬಕ್ ಅವರ ನಂತರ

ಬಕ್ ಅವರ ತೂಕ ಕಾಲಿನ ಉದ್ದವನ್ನು ಬಹಳಮಟ್ಟಿಗೆ ಉಳಿಸಿತು. ಆದರೆ ಅದಕ್ಕೆ ರೋಗಿ ಕೊಡಬೇಕಾದ ಬೆಲೆ ಸಮಯ. ಮೂಳೆ ಕೂಡುವವರೆಗೆ ವಾರಗಟ್ಟಲೆ ಅಂಗಾತ ಮಲಗಿರಬೇಕು. ಚಿಕ್ಕ ಮಗುವಿನ ಮೂಳೆ ಬೇಗ ಕೂಡುತ್ತದೆ. ವಯಸ್ಸು ಹೆಚ್ಚಾದಂತೆ ಕೂಡುವ ಕಾಲವೂ ಹೆಚ್ಚು. ಹದಿಮೂರು ಹದಿನಾಲ್ಕು ವರ್ಷದ ಮಗುವೊಂದು ತಿಂಗಳೆರಡು ತಿಂಗಳು ಮಂಚದಲ್ಲೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಮಂಡಿ ಬಿಗಿಯುತ್ತದೆ, ಶಾಲೆ ತಪ್ಪುತ್ತದೆ, ಮನೆಯವರೊಬ್ಬರು ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ. ಚರ್ಮದ ಮೂಲಕ ಎಳೆಯುವುದಕ್ಕೂ ಒಂದು ಮಿತಿಯಿದೆ. ತೂಕ ನಾಲ್ಕೈದು ಕಿಲೋ ಮೀರಿದರೆ ಚರ್ಮವೇ ಕಿತ್ತುಬರಬಹುದು. ಬಲಿತ ಹುಡುಗನ ತೊಡೆಯ ಸ್ನಾಯುಗಳನ್ನು ಸೋಲಿಸಲು ಅಷ್ಟು ತೂಕ ಸಾಲದೆ, ಮುಂದಿನ ತಲೆಮಾರಿನ ವೈದ್ಯರು ಮೂಳೆಯೊಳಗೇ ಉಕ್ಕಿನ ಕಡ್ಡಿ ತೂರಿಸಿ ಎಳೆಯುವುದನ್ನು ಕಲಿತರು.

ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಅವರ ಲೋಹದ ಚೌಕಟ್ಟು ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರ ತೊಡೆಗಳನ್ನು ಸ್ಥಿರವಾಗಿ ಹಿಡಿದಿಟ್ಟಿತು. ಆ ಯುದ್ಧಕ್ಕೂ ನಮ್ಮ ಹೋಬೋಕನ್ನಿಗೂ ನಂಟಿದೆ. 1917 ಮತ್ತು 1918ರಲ್ಲಿ ಅಮೆರಿಕದ ಸೈನಿಕರು ಫ್ರಾನ್ಸಿಗೆ ಹಡಗು ಹತ್ತಿದ ಮುಖ್ಯ ಬಂದರು ಹೋಬೋಕನ್. ಗಾಯಗೊಂಡವರು ಮರಳಿ ಬಂದಾಗ ಅವರಿಗಾಗಿ ನ್ಯೂಜೆರ್ಸಿಯ ಕೊಲೋನಿಯಾದಲ್ಲಿ ಸೇನಾ ಆಸ್ಪತ್ರೆಯೊಂದನ್ನು ತೆರೆಯಲಾಗಿತ್ತು. ಅಲ್ಲಿ ಮೂಳೆ ಕಸಿಯ ಪ್ರವರ್ತಕ ಡಾ. ಫ್ರೆಡ್ ಆಲ್ಬಿ ದುಡಿದರು.

ಮುಂದಿನ ದೊಡ್ಡ ಹೆಜ್ಜೆ ಜರ್ಮನಿಯಲ್ಲಿ. ಕೀಲ್ ನಗರದ ಗೆರ್‌ಹಾರ್ಡ್ ಕುಂಚರ್ 1939ರಲ್ಲಿ ತೊಡೆಮೂಳೆಯ ಪೊಳ್ಳಿನೊಳಗೆ ಉಕ್ಕಿನ ಉದ್ದ ಸರಳೊಂದನ್ನು ಹೊಡೆದು ಮುರಿತವನ್ನು ಒಳಗಿನಿಂದಲೇ ಹಿಡಿದಿಟ್ಟರು. 1940ರಲ್ಲಿ ಅವರು ಇದನ್ನು ಬರ್ಲಿನ್ನಿನಲ್ಲಿ ಮಂಡಿಸಿದಾಗ ಹಿರಿಯ ವೈದ್ಯರು ಸಂದೇಹದಿಂದ ನೋಡಿದರು. ಆಗ ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ ಸುದ್ದಿ ಅಮೆರಿಕಕ್ಕೆ ಸರಿಯಾಗಿ ತಲುಪಲಿಲ್ಲ. 1945ರಲ್ಲಿ ಜರ್ಮನಿಯಿಂದ ಮರಳಿದ ಯುದ್ಧಕೈದಿಯ ತೊಡೆಯ ಎಕ್ಸ್‌ರೇಯಲ್ಲಿ ಸರಳನ್ನು ಕಂಡು ಇಲ್ಲಿನ ವೈದ್ಯರು ಬೆರಗಾದರು. ಕ್ರಮೇಣ ವಯಸ್ಕರಿಗೆ ಇದೇ ಮುಖ್ಯ ಚಿಕಿತ್ಸೆಯಾಯಿತು.

ಮಕ್ಕಳು ಚಿಕ್ಕ ವಯಸ್ಕರಲ್ಲ

ವಯಸ್ಕರ ಸರಳನ್ನು ಮಕ್ಕಳಿಗೂ ಹಾಕಿದರಾಯಿತಲ್ಲವೇ ಎಂದರೆ, ಅಲ್ಲೊಂದು ಅಪಾಯವಿದೆ. ಮಕ್ಕಳ ಮೂಳೆಯ ಎರಡೂ ತುದಿಗಳಲ್ಲಿ ಬೆಳವಣಿಗೆಯ ಫಲಕಗಳೆಂಬ ಮೃದ್ವಸ್ಥಿಯ ಪದರಗಳಿವೆ. ತೊಡೆಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇಕಡಾ 70ರಷ್ಟು ಮಂಡಿಯ ಹತ್ತಿರದ ಫಲಕದಿಂದಲೇ ಆಗುತ್ತದೆ. ಅದಕ್ಕೆ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು, ಸೊಟ್ಟವಾಗಬಹುದು. ಇನ್ನು ಮೇಲ್ತುದಿಯಲ್ಲಿ, ಸೊಂಟದ ಕೀಲಿನ ಗುಂಡಿಗೆ ರಕ್ತ ಒದಗಿಸುವ ನಾಳಗಳು ಬಹಳ ಸೂಕ್ಷ್ಮ. ವಯಸ್ಕರಿಗೆ ಸರಳು ತೂರಿಸುತ್ತಿದ್ದ ಜಾಗ ಆ ನಾಳಗಳಿಗೆ ತೀರ ಹತ್ತಿರ. ಬೆಳೆಯುತ್ತಿರುವ ಕೆಲವು ಮಕ್ಕಳಲ್ಲಿ ಅಲ್ಲಿಂದ ಸರಳು ಹಾಕಿದಾಗ ರಕ್ತ ಸಂಚಾರ ನಿಂತು ಕೀಲಿನ ಗುಂಡೇ ಸತ್ತುಹೋಯಿತು. ಮುರಿತ ವಾಸಿಯಾಯಿತು, ಸೊಂಟ ಹಾಳಾಯಿತು. ಆದ್ದರಿಂದ ಎಷ್ಟೋ ವರ್ಷ ವೈದ್ಯರು ಮಕ್ಕಳಿಗೆ ಬಕ್ ಅವರ ಮಾದರಿಯ ಸೆಳೆತವನ್ನೂ ಆಮೇಲೆ ಎದೆಯಿಂದ ಪಾದದವರೆಗಿನ ಪ್ಲಾಸ್ಟರನ್ನೂ ನೆಚ್ಚಿಕೊಂಡಿದ್ದರು.

ಈ ಕಗ್ಗಂಟನ್ನು ಬಿಡಿಸಿದವರು ಫ್ರಾನ್ಸಿನ ನಾನ್ಸಿ ನಗರದ ಮಕ್ಕಳ ಶಸ್ತ್ರವೈದ್ಯರು. ಜ್ಯಾಂ ಪ್ರೆವೋ, ಜ್ಯಾಂ-ಪಾಲ್ ಮೆತೆಜೋ, ಲಿಜಿಯೇ ಮತ್ತು ಅವರ ಸಂಗಡಿಗರು ಬಾಗುವ ಗುಣದ ಎರಡು ತೆಳು ಸರಳುಗಳನ್ನು ಬಳಸಿದರು. ಮಂಡಿಯ ಫಲಕಕ್ಕಿಂತ ಸ್ವಲ್ಪ ಮೇಲೆ, ಎರಡು ಬದಿಯಿಂದ, ಚಿಕ್ಕ ರಂಧ್ರಗಳ ಮೂಲಕ ಬಿಲ್ಲಿನಂತೆ ಬಾಗಿಸಿದ ಸರಳುಗಳನ್ನು ಒಳಗೆ ತೂರಿಸುತ್ತಾರೆ. ಎರಡು ಬಿಲ್ಲುಗಳು ಎದುರುಬದುರಾಗಿ ಒಳಗೋಡೆಯನ್ನು ಒತ್ತಿ ಮೂಳೆಯನ್ನು ನೆಟ್ಟಗೆ ಇಡುತ್ತವೆ. ಕೆಳಗಿನ ಫಲಕಕ್ಕೂ ಧಕ್ಕೆಯಿಲ್ಲ, ಮೇಲಿನ ರಕ್ತನಾಳಕ್ಕೂ ಧಕ್ಕೆಯಿಲ್ಲ. 1988ರಲ್ಲಿ ಅವರು 123 ತೊಡೆಮೂಳೆ ಮುರಿತಗಳ ಅನುಭವವನ್ನು ಪ್ರಕಟಿಸಿದ ಮೇಲೆ ಈ ವಿಧಾನ ಜಗತ್ತಿನಾದ್ಯಂತ ಹರಡಿತು.

ಇಂದು ವೈದ್ಯರು ವಯಸ್ಸು, ತೂಕ ಮತ್ತು ಮುರಿತದ ರೀತಿ ನೋಡಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಪ್ಲಾಸ್ಟರ್ ಸಾಕು. ಐದರಿಂದ ಹನ್ನೊಂದರವರೆಗೆ ಬಾಗುವ ಸರಳುಗಳು ಹೆಚ್ಚು ಬಳಕೆಯಲ್ಲಿವೆ. ಹನ್ನೊಂದು ದಾಟಿದವರಿಗೆ, ಅದರಲ್ಲೂ ದೇಹದ ತೂಕ ಸುಮಾರು 50 ಕಿಲೋ ಮೀರಿದವರಿಗೆ, ತೆಳು ಸರಳು ಭಾರ ತಡೆಯದೆ ಬಾಗಬಹುದು. ಅವರಿಗೆ ಗಟ್ಟಿ ಸರಳನ್ನು ಮೂಳೆಯ ಮೇಲ್ತುದಿಯ ಹೊರಬದಿಯಿಂದ, ಆ ಸೂಕ್ಷ್ಮ ನಾಳಗಳಿಂದ ದೂರದಲ್ಲಿ ತೂರಿಸುತ್ತಾರೆ. ಮುರಿತ ಚೂರುಚೂರಾಗಿದ್ದರೆ ಸ್ನಾಯುವಿನ ಅಡಿಯಲ್ಲಿ ಲೋಹದ ಪಟ್ಟಿ ಜಾರಿಸಿ ತಿರುಪು ಹಾಕುತ್ತಾರೆ. ಗಾಯ ತೆರೆದಿದ್ದರೆ ಹೊರಗಿನ ಚೌಕಟ್ಟನ್ನೂ ಬಳಸುವುದುಂಟು.

ಚಿಕ್ಕ ಮಕ್ಕಳಲ್ಲಿ ಇನ್ನೊಂದು ವಿಸ್ಮಯವಿದೆ. ಎರಡರಿಂದ ಹತ್ತು ವರ್ಷದವರಲ್ಲಿ ಮುರಿದ ಕಾಲಿಗೆ ರಕ್ತ ಸಂಚಾರ ಹೆಚ್ಚಾಗಿ, ಮುಂದಿನ ಒಂದೆರಡು ವರ್ಷಗಳಲ್ಲಿ ಅದು ಸುಮಾರು ಒಂದು ಸೆಂಟಿಮೀಟರಿನಷ್ಟು ಹೆಚ್ಚಿಗೆ ಬೆಳೆಯುತ್ತದೆ. ಅದಕ್ಕಾಗಿ ವೈದ್ಯರು ಪ್ಲಾಸ್ಟರ್ ಹಾಕುವಾಗ ಸ್ವಲ್ಪ ಗಿಡ್ಡವಾಗಿರುವುದನ್ನು ಸಹಿಸಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಪ್ರಕೃತಿಯ ಈ ರಿಯಾಯಿತಿ ಇರುವುದಿಲ್ಲ. ಆದ್ದರಿಂದಲೇ ಅವರಿಗೆ ಉದ್ದವನ್ನು ಸರಿಯಾಗಿ ಹಿಡಿದಿಡುವ ಶಸ್ತ್ರಚಿಕಿತ್ಸೆ ಮುಖ್ಯವಾಗುತ್ತದೆ.

ನಮ್ಮ ಪಾಲಕರಿಗೆ ಎರಡು ಮಾತು

ನಮ್ಮ ನಾಡಿನಲ್ಲಿ ಮೂಳೆ ಮುರಿದರೆ ನಾಟಿ ವೈದ್ಯರ ಬಳಿ ಹೋಗಿ ಬಿದಿರಿನ ದಬ್ಬೆ ಕಟ್ಟಿಸುವುದು ಹಳೆಯ ರೂಢಿ. ಆಂಧ್ರದ ಪುತ್ತೂರಿನ ಕಟ್ಟು ಬೆಂಗಳೂರಿನವರಿಗೂ ಚಿರಪರಿಚಿತ. ಅವರಲ್ಲಿ ಅನುಭವಿಗಳಿದ್ದಾರೆ, ಎಷ್ಟೋ ಸಣ್ಣಪುಟ್ಟ ಮುರಿತಗಳು ವಾಸಿಯಾಗಿವೆ. ಆದರೆ ತೊಡೆಮೂಳೆಯ ವಿಷಯ ಬೇರೆ. ಒಳಗೇ ಬಹಳ ರಕ್ತ ಸೋರಿ ಜೀವಕ್ಕೆ ಅಪಾಯವಾಗಬಹುದು. ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತರೆ ಕಾಲೇ ಹೋಗಬಹುದು. ಮಗು ಬಿದ್ದು ತೊಡೆ ಊದಿಕೊಂಡು ಕಾಲು ಎತ್ತಲಾರದಿದ್ದರೆ ಎಳೆಯಬಾರದು, ನೀವಬಾರದು, ನಿಲ್ಲಿಸಲು ಪ್ರಯತ್ನಿಸಬಾರದು. ಇದ್ದ ಹಾಗೆಯೇ ಮಲಗಿಸಿ, ಅಮೆರಿಕದಲ್ಲಾದರೆ 911ಕ್ಕೆ, ರಜೆಗೆ ಕರ್ನಾಟಕಕ್ಕೆ ಹೋಗಿದ್ದರೆ 108ಕ್ಕೆ ಕರೆ ಮಾಡಬೇಕು. ಶಸ್ತ್ರಚಿಕಿತ್ಸೆ ಎಂದ ಕೂಡಲೇ ಹೆದರುವ ಅಜ್ಜ ಅಜ್ಜಿಯರಿಗೆ, ಮಗು ಎರಡು ತಿಂಗಳು ಮಂಚ ಹಿಡಿಯುವುದನ್ನು ತಪ್ಪಿಸಲೆಂದೇ ಈ ಚಿಕಿತ್ಸೆ ಎಂದು ಸಮಾಧಾನವಾಗಿ ತಿಳಿಸಬೇಕು. ಬಾಗುವ ಸರಳುಗಳನ್ನು ಹಾಕಿದ್ದರೆ, ಮೂಳೆ ಪೂರ್ತಿ ಕೂಡಿದ ಮೇಲೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಅಥವಾ ಆ ಹೊತ್ತಿಗೆ, ತೆಗೆಯುವುದು ವಾಡಿಕೆ.

ಬಕ್ ಅವರ ತೂಕ ಇಂದು ಮೂಲೆ ಸೇರಿತೇ? ಪೂರ್ತಿಯಾಗಿ ಇಲ್ಲ. ಸೊಂಟ ಮುರಿದ ವೃದ್ಧರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಕಟ್ಟುವುದರಿಂದ ವಿಶೇಷ ಲಾಭವಿಲ್ಲವೆಂದು ಅಧ್ಯಯನಗಳು ತೋರಿಸಿದ ಮೇಲೆ ಆ ರೂಢಿ ಕಡಿಮೆಯಾಗಿದೆ. ಆದರೆ ತೊಡೆ ಮುರಿದ ಮಗು ಶಸ್ತ್ರಚಿಕಿತ್ಸೆಯ ಸರದಿಗಾಗಿ ಕಾಯುವಾಗ ಸ್ನಾಯುಗಳ ಸೆಳೆತವನ್ನು, ನೋವನ್ನು ತಗ್ಗಿಸಲು ಅದೇ ಪಟ್ಟಿ, ಅದೇ ಹಗ್ಗ, ಅದೇ ರಾಟೆ ಈಗಲೂ ನೆರವಿಗೆ ಬರುತ್ತದೆ. ಸೌಲಭ್ಯ ಕಡಿಮೆಯಿರುವ ಕಡೆ ತೂಕದ ಬದಲು ಇಟ್ಟಿಗೆ ಅಥವಾ ಮರಳಿನ ಚೀಲ ಕಟ್ಟಿದರೂ ಕೆಲಸ ನಡೆಯುತ್ತದೆ.

ಡಾ. ಗರ್ಡನ್ ಬಕ್ ಅವರಿಗೆ ಎಕ್ಸ್‌ರೇ ಇರಲಿಲ್ಲ, ಸೋಂಕು ತಡೆಯುವ ಔಷಧಗಳಿರಲಿಲ್ಲ, ಟೈಟಾನಿಯಂ ಸರಳುಗಳಿರಲಿಲ್ಲ. ಇದ್ದದ್ದನ್ನು ಸರಿಯಾಗಿ ಜೋಡಿಸಿ, ಫಲಿತಾಂಶವನ್ನು ಅಳೆದು, ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟರು. ಅವರ ಕಾಲದ ವೈದ್ಯನ ಯಶಸ್ಸನ್ನು ಅಳೆಯಲು ಒಂದು ಅಳತೆಪಟ್ಟಿ ಸಾಕಾಗಿತ್ತು. ವಾಸಿಯಾದ ಮಗುವಿನ ಎರಡೂ ಕಾಲುಗಳು ಸಮವಾಗಿವೆಯೇ ಎಂಬುದೇ ಪರೀಕ್ಷೆ. ಎಷ್ಟೇ ಹೊಸ ಉಪಕರಣ ಬಂದಿದ್ದರೂ ಇಂದಿನ ಮಕ್ಕಳ ಮೂಳೆ ತಜ್ಞರು ಎದುರಿಸುವ ಪರೀಕ್ಷೆಯೂ ಅದೇ. ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ಮುಂದೆ ವೈದ್ಯರೋ ಎಂಜಿನಿಯರೋ ಆಗಿ ಇಂತಹ ಸರಳ ಉಪಾಯವೊಂದನ್ನು ಲೋಕಕ್ಕೆ ಕೊಡಲಿ ಎಂದು ಹಾರೈಸೋಣ.